ಗಂಟು

ಡಂಡಿ ಊರಲ್ಲಿ, ಟೇ ಹೊಳೆ ಕಡಲಿಗೆ ಬಾಯಿ ತೆರೆಯುವ ಕಡೆ
ನಮ್ಮ ಆರೈಕೆಮನೆ. ಇಪ್ಪತ್ತೆರಡು ಹಾಸಿಗೆ.
ಏಳನೆಯದು ಎಫಿ ಗೌರ್ಲೆಯದು.

ಬೆಳಗಿನ ಐದೂವರೆಗೆ ಎದ್ದು ಹ್ಯಾಟು ಹುಡುಕುತ್ತಾಳೆ,
ಕೈಗವಸು ಹುಡುಕುತ್ತಾಳೆ,
ರಾತ್ರಿಯಂಗಿಯ ಮೇಲೆ ಎರಡನ್ನೂ ತೊಟ್ಟು
ಬಾಗಿಲಿಗೆ ಬಂದು ನಿಲ್ಲುತ್ತಾಳೆ.
ನೂಲುವ ಹೆಂಗಸರಿಗೆ ಬರೀ ಶಾಲು;
ನೇಯುವವರು ಹ್ಯಾಟಿಲ್ಲದೆ ಬೀದಿಗಿಳಿಯುತ್ತಿರಲಿಲ್ಲ. ಅದೊಂದು ಗತ್ತು.
ಸೆಣಬಿನ ಗಿರಣಿ ಎಂದೋ ಮುಚ್ಚಿ ಅಲ್ಲೀಗ ಫ್ಲಾಟುಗಳೆದ್ದಿವೆ.
ಅದರ ಸೀಟಿ ಇನ್ನೂ ಕೂಗುತ್ತದೆ,
ಕೆಪ್ಪಾದ ಅವಳ ಕಿವಿಗಲ್ಲ, ಕಾಲಿಗೆ.

ಒಂದು ಮಂಗಳವಾರ, ಬದಲಿಗೆ ಬಂದ ಹೊಸ ಹುಡುಗ,
ಸುಳ್ಳು ಹೇಳಲು ಬಾರದ ಒಳ್ಳೆಯ ಹುಡುಗ,
ಡೇವಿ ಎಲ್ಲಿ ಎಂದು ಅವಳು ಕೇಳಿದ್ದಕ್ಕೆ
ಬಿಳಿಹಲಗೆಯಲ್ಲಿ ದಪ್ಪಗೆ ಬರೆದು ತೋರಿಸಿದ:
ನಿಮ್ಮ ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು.

ಹತ್ತೂಕಾಲಿಗೆ ಓದಿದಳು. ಹತ್ತೂವರೆಯವರೆಗೆ ಸುಮ್ಮನಿದ್ದಳು. ಆಮೇಲೆ ಅತ್ತಳು.
ಹನ್ನೊಂದಕ್ಕೆ ಹಲಗೆ ಒರೆಸಿಯಾಗಿತ್ತು,
ಅವಳ ತಲೆಯೊಳಗೂ ಒರೆಸಿಯಾಗಿತ್ತು.
ಸುದ್ದಿ ಹೋಯಿತು. ಅಳು ಹೋಗಲಿಲ್ಲ.
ಒಡೆಯನನ್ನು ಕಳೆದುಕೊಂಡ ನಾಯಿಯಂತೆ
ದುಃಖ ಕೋಣೆಯ ಮೂಲೆಮೂಲೆ ಮೂಸಿತು.
ಕೈಚೀಲ ಸುರುವಿ ನೋಡಿದಳು:
ಬಾಚಣಿಗೆ, ಪೆಪ್ಪರಮೆಂಟು, ಒಂದು ಬಸ್ಸಿನ ಚೀಟಿ.
ಮಂಚದಡಿ ಬಗ್ಗಿ ನೋಡಿದಳು.
ನನ್ನ ತೋಳು ಹಿಡಿದು ಕೇಳಿದಳು:
ಬೀನಿ, ನಾನು ಯಾಕೆ ಅಳ್ತಿದ್ದೀನಿ, ನಿನಗೇನಾದರೂ ಗೊತ್ತೇನೇ?
ಬೀನಿ ಅವಳ ತಂಗಿ. ನಾನಲ್ಲ.
ಗೊತ್ತಿಲ್ಲವೆಂದು ತಲೆಯಾಡಿಸಿದೆ.
ಗಂಟಲಲ್ಲಿ ಏನೋ ಗಂಟು.

ಹಿಮಕ್ಕೆ ಗುಲಾಬಿ ಗಿಡ ಮುಚ್ಚುವ ಗೋಣಿಯೊಂದು
ಅಂದು ಸಂಜೆ ನನ್ನ ಕೈಯಲ್ಲಿತ್ತು.
ಯಾವ ಯೋಚನೆಯೂ ಇರಲಿಲ್ಲ, ಹಿತ್ತಿಲಿಗೆ ಹೊರಟಿದ್ದೆ ಅಷ್ಟೆ.
ಹೊಸ್ತಿಲು ದಾಟುವ ಮೊದಲೇ ಅವಳ ಮೂಗು ಅರಳಿತು.
ಹುಳಿತ ಹುಲ್ಲು, ಎಣ್ಣೆ, ಒದ್ದೆ ಧೂಳು:
ನನಗೆ ಹೊಲಸು, ಅವಳಿಗೆ ಹದಿನೈದನೆಯ ವಯಸ್ಸು.
ಮಡಿಲಿಗೆ ಎಳೆದುಕೊಂಡಳು.
ಹಿಟ್ಟಿನ ಹದ ನೋಡುವವಳಂತೆ
ಹೆಬ್ಬೆರಳಲ್ಲಿ ಅಂಚು ಉಜ್ಜಿದಳು, ಹುಬ್ಬು ಗಂಟಿಕ್ಕಿದಳು.
ಹಾಸು ಪರವಾಗಿಲ್ಲ. ಹೊಕ್ಕು ಸಡಿಲ.
ಯಾರ ಮಗ್ಗದ್ದೇ ಇದು?

ಹರಿದ ಎಳೆಯೊಂದು ಸಿಕ್ಕಿತು.
ಚಮಚ ಜಾರಿಸುವ ಬೆರಳು,
ಒಂದು ಗುಂಡಿಗೆ ಕಾಲು ಗಂಟೆ ಬೇಡುವ ಬೆರಳು,
ಎಳೆಯ ಮೇಲೆ ಎಳೆ ದಾಟಿಸಿ, ಉಗುರಲ್ಲಿ ತಳ್ಳಿ,
ನಾನು ರೆಪ್ಪೆ ಬಡಿಯುವುದರೊಳಗೆ ಗಂಟು ಬಿಗಿದಿತ್ತು.
ಎಳೆದು ನೋಡಿದೆ. ಜಗ್ಗಲಿಲ್ಲ.

ಆಮೇಲೆ ಬಾಯಿ ಆಡಿಸಿದಳು. ದನಿಯಿಲ್ಲ.
ತುಟಿ ಮಾತ್ರ, ಅಗಲವಾಗಿ, ಒಂದೊಂದೇ ಅಕ್ಷರ ಕಡೆದು.
ಇದನ್ನೇ ನಾವು ತಿಂಗಳುಗಟ್ಟಲೆ ದಾಖಲೆಯಲ್ಲಿ
'ಅರ್ಥವಿಲ್ಲದ ಬಾಯಾಟ' ಎಂದು ಬರೆದಿದ್ದೆವು.
ಥಟ್ಟನೆ ನನ್ನಜ್ಜಿ ಕಣ್ಣೆದುರು ಬಂದಳು:
ಬೀದಿಯ ಆಚೆ ಬದಿಯ ಗೆಳತಿಯೊಡನೆ
ಹೀಗೇ ಸದ್ದಿಲ್ಲದೆ ಜಗಳವಾಡಿ, ಸದ್ದಿಲ್ಲದೆ ನಗುತ್ತಿದ್ದವಳು.
ಇನ್ನೂರು ಮಗ್ಗ ಗುಡುಗುವಲ್ಲಿ
ಕಿವಿ ಕಟ್ಟಿಕೊಂಡು ಮಾಡುವುದೇನು?
ಗಿರಣಿಯ ಹೆಂಗಸರು ಕಣ್ಣಿಂದ ಕೇಳುತ್ತಿದ್ದರು.
ನಾವೋ, ಮೂಗು ಬಾಯಿ ಮಾಸ್ಕಿನಲ್ಲಿ ಮುಚ್ಚಿ
ಎರಡು ಚಳಿಗಾಲ ಅವಳ ಕಿವಿಗೆ ಕೂಗಿದ್ದೆವು.

ಕಿಟಕಿ ತೆರೆದೆ. ಗೋಡೆಯವರೆಗೂ ಹಿಂದೆ ಸರಿದೆ.
ಮಾಸ್ಕು ಗಲ್ಲಕ್ಕಿಳಿಸಿ ತುಟಿಯಲ್ಲಿ ಕೇಳಿದೆ: ಟೀ?
ಮುಖ ಬೆಳಗಿತು ಅನ್ನಲಾರೆ; ಅವಳು ಬೈದಳು.
ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ, ಬೀನಿ?
ಡೇವಿ ಕೆಟಲ್ ಇಟ್ಟಿರ್ತಾನೆ, ನಡಿ.

ಹೌದೆನ್ನಲಿಲ್ಲ. ಅಲ್ಲವೆನ್ನಲಿಲ್ಲ.
ಅಡುಗೆಮನೆಯಲ್ಲಿ ನೀರು ಕುದಿಯುತ್ತಿದ್ದದ್ದು ಮಾತ್ರ ನಿಜ.
ಹುಡುಗ ಬಾಗಿಲಲ್ಲಿ, ಎದೆಗೊತ್ತಿದ ಹಲಗೆ:
ಮತ್ತೆ ಬರೆಯಲೇ?
ಬೇಡ ಎಂದೆ, ತುಟಿಯಲ್ಲೇ.

ಎಂಟಕ್ಕೆ ಮಲಗಿಸುವಾಗ ಗೋಣಿ ಮರೆತಿದ್ದಳು, ನನ್ನನ್ನೂ.
ಅಂಗೈ ಮಾತ್ರ ಬೆಚ್ಚಗಿತ್ತು, ಹುಬ್ಬು ಬಿಚ್ಚಿಕೊಂಡಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ
ಮಾಸ್ಕಿನ ದಾರ ಕಿತ್ತು ಆ ಗಂಟು ಹಾಕಲು ಹೋದೆ.
ಮೂರು ಸಲ.
ಮೂರು ಸಲವೂ ಬಿಚ್ಚಿಕೊಂಡಿತು.